ಎರಡನೆಯದು ಕಿಸೆಯಲ್ಲಿ

ಬಂಟ್ವಾಳ ಪೇಟೆ ದಾಟಿದ ಮೇಲೆ ನಿಝಾರನಿಗೆ ಸೀಟು ಸಿಕ್ಕಿತು. ಸಿಕ್ಕಿದ್ದೇ ತಪ್ಪಾಯಿತು. ಫರಂಗಿಪೇಟೆಯಿಂದ ಬಿ.ಸಿ. ರೋಡಿಗೆ, ಅಲ್ಲಿ ಬಸ್ಸು ಬದಲಿಸಿ ಇಲ್ಲಿಯವರೆಗೆ, ನಿಂತು ಬಂದದ್ದರಲ್ಲಿ ಒಂದು ನೆಮ್ಮದಿಯಿತ್ತು. ಕಂಬಿ ಹಿಡಿಯಬೇಕು, ಹಿಂದಿನವರ ಚೀಲಕ್ಕೆ ಜಾಗ ಕೊಡಬೇಕು, ಕಂಡಕ್ಟರ್ ಎದುರು ಹೋಗಿ ಎಂದಾಗ ಅರ್ಧ ಹೆಜ್ಜೆ ಹೋದ ಹಾಗೆ ಮಾಡಬೇಕು. ಕೂತ ಮೇಲೆ ಮಾಡಲಿಕ್ಕೆ ಏನೂ ಉಳಿಯಲಿಲ್ಲ, ಪ್ಯಾಂಟಿನ ಕಿಸೆಯಲ್ಲಿದ್ದದ್ದು ತೊಡೆಗೆ ಒತ್ತತೊಡಗಿತು. ಪಕ್ಕದಲ್ಲಿದ್ದ ಮುದುಕರು ಅವನ ಶರಟಿನ ಅತ್ತರಿನಿಂದಲೇ ಅಂದಾಜು ಮಾಡಿ, ಗಲ್ಫಿನಿಂದ ಬಂದದ್ದು ಯಾವಾಗ ಎಂದು ವಿಚಾರಿಸಿದರು. ಮೊನ್ನೆ ಎಂದ. ಅಲ್ಲಿ ಎಂಥ ಕೆಲಸ ಎಂದರು. ಸಮುದ್ರದಲ್ಲಿ ಎಂದ. ಮೀನಿನ ಬೋಟಾ ಎಂದರು. ಹೂಂ ಎಂದ. ಅಲ್ಲ ಎಂದಿದ್ದರೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ಅಡಿಗೆ ಇಳಿಯುವುದು, ಪ್ರವಾಸಿಗರಿಗೆ ಮುಳುಗಿದ ಹಡಗು ತೋರಿಸುವುದು, ಅದಕ್ಕೂ ಜನ ದುಡ್ಡು ಕೊಡುವುದು, ಎಲ್ಲವನ್ನೂ ಮಡಂತ್ಯಾರಿನವರೆಗೆ ವಿವರಿಸಬೇಕಾಗುತ್ತಿತ್ತು. ಹೂಂ ಎಂದರೆ ಮುಗಿಯಿತು. ಈ ಹೂಂಗುಟ್ಟುವ ಚಾಳಿ ಅವನಿಗೆ ಚಿಕ್ಕಂದಿನಿಂದಲೂ ಇತ್ತು. ಉಸ್ತಾದರು ಪಾಠ ಬಾಯಿಪಾಠವಾಯಿತಾ ಎಂದರೂ ಹೂಂ, ಉಮ್ಮ ಹೊಟ್ಟೆ ತುಂಬಿತಾ ಎಂದರೂ ಹೂಂ. ಕಳೆದ ವಾರ, ಹಿಂದೆ ಅವನ ಜತೆ ಅಲ್ಲಿ ಕೆಲಸಕ್ಕಿದ್ದ ಅಸ್ಕರ್ ಫೋನಿನಲ್ಲಿ ಕೇಳಿದಾಗಲೂ ಬಾಯಿಂದ ಬಂದದ್ದು ಅದೇ.

ಅಸ್ಕರ್ ಕೇಳಿದ್ದು ಇಷ್ಟೇ: ಆವತ್ತು ನನ್ನ ಕೈಯಲ್ಲಿ ಇದ್ದದ್ದು ನಿನ್ನದೇ ಕಂಪ್ಯೂಟರಲ್ಲವಾ, ಅದು ಕೆಟ್ಟು ಬಿದ್ದಿದೆ ಎಂದು ನೀನು ಹೇಳಿದ್ದೆ, ಈಗಲೂ ಉಂಟಾದರೆ ತಾ, ಬ್ಯಾಟರಿ ಹಾಕಿ ಕೊಡುತ್ತೇನೆ, ಈಗ ನನಗೆ ಅದೇ ಕೆಲಸವಲ್ಲವಾ. ಬಿಸಾಡಿದೆ ಎನ್ನಬಹುದಿತ್ತು. ಬಿಸಾಡಿಯೂ ಬಿಡಬಹುದಿತ್ತು, ನಾಲ್ಕು ವರ್ಷದಲ್ಲಿ ಎಷ್ಟು ಸಲ ಬೋಟಿನ ಅಂಚಿನಲ್ಲಿ ಅದನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಾನೆ. ಬೆರಳು ಬಿಡಲಿಲ್ಲ. ಒಳ್ಳೆಯ ಸಾಮಾನನ್ನು ಬಿಸಾಡುವ ಬೆರಳುಗಳು ಅವನ ಮನೆಯವರಿಗೆ ಯಾರಿಗೂ ಇಲ್ಲ. ಬ್ಯಾಟರಿ ಸತ್ತರೂ ಒಳಗಿನ ನೆನಪು ಸಾಯುವುದಿಲ್ಲ ಎಂದು ಅದರ ಜತೆ ಬಂದ ಪುಸ್ತಕದಲ್ಲಿ ಬರೆದಿತ್ತು. ನಾಲ್ಕು ವರ್ಷ ಎಂದರೆ ಸ್ವಲ್ಪವಲ್ಲ, ಸತ್ತಿರಲೂಬಹುದು ಎಂದು ನಿಝಾರ್ ಕಿಸೆಯನ್ನು ಮುಟ್ಟಿ ನೋಡಿಕೊಂಡ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುವ ಜಾತಿ ತನ್ನದು ಎಂದುಕೊಂಡ.

ಕಂಪ್ಯೂಟರ್ ಎಂದರೆ ನೀರಿಗಿಳಿಯುವವರು ಕೈಗೆ ಕಟ್ಟುವಂಥದ್ದು, ನೋಡಲಿಕ್ಕೆ ಒಂದು ದಪ್ಪ ಕೈಗಡಿಯಾರ, ಅಷ್ಟೆ. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದೀಯ ಎನ್ನುವುದನ್ನು ನೋಡುತ್ತಾ, ಇನ್ನು ಇಷ್ಟು ನಿಮಿಷ ಇರಬಹುದು, ಈಗ ಹೊರಡು ಎಂದು ಹೇಳುತ್ತಿರುತ್ತದೆ. ಆಳದಲ್ಲಿ ಉಸಿರಾಡಿದ ಗಾಳಿಯ ಸಾರಜನಕ ಮೈಯೊಳಗೆ ಇಳಿದು ಕೂರುತ್ತದೆ. ಮೇಲೆ ಬಂದು ಟವೆಲಿನಲ್ಲಿ ತಲೆ ಒರೆಸಿ, ಚಾ ಕುಡಿದ ಮೇಲೂ ಅದು ಮೈಯಲ್ಲೇ ಇರುತ್ತದೆ, ಗಂಟೆಗಟ್ಟಲೆ. ಅದಿರುವಾಗ ಎರಡನೆಯ ಸಲ ಇಳಿದವನು ಬೇಗ ಹೊರಡಬೇಕು, ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ನಿಧಾನಕ್ಕೆ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಅದು ಮೈಯೊಳಗೇ ಗುಳ್ಳೆಯಾಗಿ, ಬೆನ್ನುಹುರಿಗೆ ಹೋದರೆ ಕಾಲು ಹೋಯಿತು. ಇದನ್ನೆಲ್ಲ ನೆನಪಿಡುವುದೇ ಆ ಯಂತ್ರದ ಕೆಲಸ. ಆದರೆ ಅದಕ್ಕೆ ತಾನು ನೀರಿಗಿಳಿದದ್ದು ಮಾತ್ರ ಗೊತ್ತು. ಕಟ್ಟಿಕೊಂಡವನು ಬೆಳಿಗ್ಗೆ ಎಲ್ಲಿಗೆ ಹೋಗಿ ಬಂದ ಎಂದು ಅದು ಕೇಳುವುದಿಲ್ಲ. ನಿಝಾರನಿಗೂ ಅಸ್ಕರನಿಗೂ ಕೆಲಸ ಕಲಿಸಿದ ಹಸನಬ್ಬ, ಬಂಟ್ವಾಳದವರೇ, ಬೋಟಿನಲ್ಲಿ ಎಲ್ಲರಿಗಿಂತ ಹಳಬರು, ದಿನಾ ಬೆಳಿಗ್ಗೆ ಹೇಳುತ್ತಿದ್ದರು: ಒಂದು ಕೈಯಲ್ಲಿ, ಎರಡನೆಯದು ಕಿಸೆಯಲ್ಲಿ, ಎರಡೂ ನೀರಿನಲ್ಲಿ. ಮೊದಲನೆಯದು ಕೆಟ್ಟರೆ ಎರಡನೆಯದಕ್ಕೂ ಇಡೀ ದಿನದ ಕಥೆ ಗೊತ್ತಿರಬೇಕು. ಅದು ದಡದಲ್ಲಿ ಕೂತಿದ್ದರೆ ನಿನ್ನ ಮಾವನ ಮನೆಯ ಗಡಿಯಾರಕ್ಕೂ ಅದಕ್ಕೂ ಎಂಥ ವ್ಯತ್ಯಾಸ ಮಾರಾಯ, ಎನ್ನುತ್ತಿದ್ದರು.

ನಿಝಾರನ ಎರಡನೆಯದು ಕಿಸೆಗೆ ಹೋದದ್ದೇ ಇರಲಿಲ್ಲ. ಕೊಂಡ ಪೆಟ್ಟಿಗೆಯಲ್ಲೇ, ಟವೆಲಿನಲ್ಲಿ ಸುತ್ತಿ, ಬೋಟಿನ ಚೀಲದಲ್ಲಿ ಇಡುತ್ತಿದ್ದ. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ತೆಗೆದಿರಲಿಲ್ಲ. ಇದಕ್ಕೆ ಯಾರನ್ನು ಬಯ್ಯುವುದು? ಫರಂಗಿಪೇಟೆಯ ಅವನ ಮನೆಯಲ್ಲಿ ಬಾಪ ತಂದ ಥರ್ಮಾಸು ಹದಿನೇಳು ವರ್ಷದಿಂದ ಶೋಕೇಸಿನಲ್ಲಿದೆ, ಅದರಿಂದ ಯಾರೂ ಒಂದು ಲೋಟ ಚಾ ಕುಡಿದಿಲ್ಲ. ಸೋಫಾದ ಪ್ಲಾಸ್ಟಿಕ್ ತೆಗೆದದ್ದು ಅದು ತಾನಾಗಿ ಹರಿದ ಮೇಲೆ. ಒಳ್ಳೆಯದನ್ನು ಎತ್ತಿಡಬೇಕು, ಎತ್ತಿಟ್ಟದ್ದನ್ನು ನಾಲ್ಕು ಜನ ನೋಡಬೇಕು. ಗಲ್ಫಿನ ಸಾಮಾನು ಬರುವ ಎಲ್ಲ ಮನೆಗಳಲ್ಲೂ ಅದೇ ಪದ್ಧತಿ. ಹಸನಬ್ಬ ಒಂದು ಬೆಳಿಗ್ಗೆ ಅವನ ಚೀಲದಲ್ಲಿ ಪೆಟ್ಟಿಗೆ ಕಂಡು ಎಲ್ಲರೆದುರು ನಕ್ಕಿದ್ದರು, ಇವನು ಬೋಟಿನಲ್ಲೂ ಶೋಕೇಸು ಇಟ್ಟಿದ್ದಾನೆ ಎಂದು. ನಾಳೆಯಿಂದ ಕಿಸೆಯಲ್ಲಿಡುತ್ತೇನೆ ಎಂದು ಹೂಂಗುಟ್ಟಿದ್ದ. ಅದು ಅಸ್ಕರನ ಕೈಗೆ ಹೋದದ್ದು ಆ ನಾಳೆಯೇ.

ಬೆಳಿಗ್ಗೆ ಇಪ್ಪತ್ತೆಂಟು ಮೀಟರಿಗೆ ಇಬ್ಬರೂ ಒಟ್ಟಿಗೆ ಇಳಿದು ಬಂದಿದ್ದರು. ಒಂದು ಗಂಟೆ ಬಿಟ್ಟು, ನೀರಿನ ಮೇಲೆ ತೇಲುವ ಹೊಸ ಬೋಯಿಗೆ ಅಡಿಯಲ್ಲಿ ಹಗ್ಗ ಬಿಗಿಯಲಿಕ್ಕೆ ಮತ್ತೆ ಇಳಿಯಬೇಕಿತ್ತು. ಅಷ್ಟರಲ್ಲಿ ಅಸ್ಕರನ ಕಂಪ್ಯೂಟರಿನ ಮುಖ ಖಾಲಿಯಾಯಿತು, ಬ್ಯಾಟರಿ ಮುಗಿದಿತ್ತು. ಎರಡನೆಯದು ಅವನಲ್ಲಿ ಇರಲಿಲ್ಲ. ಆಗಷ್ಟೇ ತಂಗಿಯ ಮದುವೆ ಮುಗಿಸಿದವನು, ಕೊಳ್ಳಲಿಕ್ಕೆ ದುಡ್ಡಿರಲಿಲ್ಲ. ನಿಝಾರ್ ಚೀಲದ ಕಡೆ ತಿರುಗಿ, ಟವೆಲಿನೊಳಗೆ ಕೈ ಹಾಕಿ, ಯಂತ್ರವನ್ನಷ್ಟೇ ಹೊರಗೆ ತೆಗೆದು ಕೊಟ್ಟ. ಕಟ್ಟಿಕೊಳ್ಳುತ್ತಾ ಅಸ್ಕರ್ ಕೇಳಿದ, ಬೆಳಿಗ್ಗೆ ಇದು ನಿನ್ನ ಕಿಸೆಯಲ್ಲಿತ್ತಲ್ಲ? ಹಸನಬ್ಬ ಎರಡು ಮಾರು ದೂರದಲ್ಲಿ ಹಗ್ಗ ಸುತ್ತುತ್ತಿದ್ದರು. ಇಲ್ಲ ಎಂದರೆ ಅವರು ತಲೆ ಎತ್ತುತ್ತಾರೆ, ಪುನಃ ನಗುತ್ತಾರೆ, ಊಟದ ಹೊತ್ತಿಗೆ ಇಡೀ ಕ್ಯಾಂಪಿಗೆ ಗೊತ್ತಾಗುತ್ತದೆ. ನಿಝಾರ್ ಹೂಂ ಎಂದ. ಸ್ಟಿಕ್ಕರ್ ಮಾತ್ರ ತೆಗೆಯಬೇಡ ಎಂದೂ ಹೇಳಿದ. ಈ ಎರಡನೆಯ ಮಾತು ನೆನಪಾದಾಗಲೆಲ್ಲ ಅವನಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಮಾತು ಆಡಿದರೆ ಹೋಯಿತು ಎನ್ನುತ್ತಾರೆ, ಅವನು ಮಾತನ್ನೂ ಆಡಿರಲಿಲ್ಲ, ಮೂಗಿನಲ್ಲಿ ಒಂದು ಶಬ್ದ ಮಾಡಿದ್ದ. ಅಡಿಯಲ್ಲಿ, ಇಪ್ಪತ್ತೆರಡು ಮೀಟರಿನಲ್ಲಿ, ಹದಿನೇಳನೆಯ ನಿಮಿಷಕ್ಕೆ ನಿಝಾರನ ಕೈಯಲ್ಲಿದ್ದದ್ದು ಹೊರಡು ಎಂದಿತು. ಅವನು ಅಸ್ಕರನಿಗೆ ಹೆಬ್ಬೆರಳು ಮೇಲೆತ್ತಿ, ಮೇಲೆ ಹೋಗುವ ಎಂದು ತೋರಿಸಿದ. ಅಸ್ಕರ್ ತನ್ನ ಕೈ ತಂದು ಅವನ ಕೈಯ ಪಕ್ಕದಲ್ಲಿ ಹಿಡಿದ: ಇನ್ನೂ ಹದಿನೆಂಟು ನಿಮಿಷ ಉಂಟು. ಗಂಟು ಮುಗಿಸಿ ಬರುತ್ತೇನೆ, ನೀನು ಹೋಗು ಎಂದು ಕೈಸನ್ನೆ ಮಾಡಿದ. ಎರಡು ಗಾಜುಗಳು, ಎರಡು ಸಂಖ್ಯೆಗಳು, ಒಂದರ ಮೇಲೆ ಪ್ಲಾಸ್ಟಿಕ್ ಹಾಳೆ. ನಿಝಾರನ ಜಾಕೆಟಿನ ಕಿಸೆಯಲ್ಲಿ ಆಳ ತೋರಿಸುವ ಹಳೆಯ ಮುಳ್ಳಿನ ಮಾಪಕವೂ, ಎರಡನೆಯ ಸಲ ಎಷ್ಟು ನಿಮಿಷ ಎಂದು ಹೇಳುವ ಲೆಕ್ಕದ ಪ್ಲಾಸ್ಟಿಕ್ ಪಟ್ಟಿಯೂ ಇದ್ದವು. ಪಟ್ಟಿಯನ್ನು ತೆಗೆದು ತೋರಿಸಿದರೂ ಸಾಕಿತ್ತು. ಏನೂ ಆಗುವುದಿಲ್ಲ ಎಂದುಕೊಂಡು ಅವನು ಮೇಲೆ ಹೋದ.

ಪೂಂಜಾಲಕಟ್ಟೆಯಲ್ಲಿ ಅರ್ಧ ಬಸ್ಸು ಇಳಿಯಿತು. ಮುದುಕರೂ ಇಳಿದರು, ಬೋಟಿನ ಕೆಲಸ ಜೋಪಾನ ಎಂದು ಹೇಳಿ ಇಳಿದರು. ಆವತ್ತು ಮೇಲೆ ಬಂದ ಅಸ್ಕರ್ ಅರ್ಧ ಗಂಟೆ ಸರಿಯಾಗಿಯೇ ಇದ್ದ, ಮೂಸಂಬಿ ಸುಲಿದು ತಿಂದ. ಆಮೇಲೆ ಬೆನ್ನು ಹಿಡಿದ ಹಾಗಾಗುತ್ತಿದೆ ಎಂದ, ಆಮೇಲೆ ಕಾಲು ಎಲ್ಲಿದೆಯೆಂದು ಗೊತ್ತಾಗುತ್ತಿಲ್ಲ ಎಂದ. ಆಮ್ಲಜನಕ ಹಿಡಿದದ್ದು ನಿಝಾರ್, ಮೂರು ಗಂಟೆ ದಾರಿಯಲ್ಲಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡದ್ದು ನಿಝಾರ್, ಗುಳ್ಳೆ ಕರಗಿಸುವ ಒತ್ತಡದ ಕೋಣೆಯಿದ್ದ ಆಸ್ಪತ್ರೆಯ ಮೆಟ್ಟಿಲಿನಲ್ಲಿ ಎರಡು ರಾತ್ರಿ ಮಲಗಿದ್ದು ನಿಝಾರ್. ಅವನ ಕೈಯಿಂದ ಯಂತ್ರವನ್ನು ಬಿಚ್ಚಿ ಕಿಸೆಗೆ ಹಾಕಿಕೊಂಡದ್ದೂ ನಿಝಾರನೇ. ಎರಡನೆಯದು ಕಿಸೆಗೆ ಹೋದದ್ದು ಆವತ್ತೇ ಮೊದಲು. ಮ್ಯಾನೇಜರ್ ಕೇಳಿದಾಗ, ತಾನು ಮೊದಲು ಬಂದೆ, ಅಸ್ಕರ್ ಸ್ವಲ್ಪ ಅವಸರದಲ್ಲಿ ಮೇಲೆ ಬಂದಿರಬೇಕು, ಕಂಪ್ಯೂಟರ್ ನೀರು ಹೋಗಿ ಕೆಟ್ಟಿದೆ ಎಂದ. ಮ್ಯಾನೇಜರ್ ಅವಸರ ಎಂದು ಬರೆದುಕೊಂಡ. ಅಸ್ಕರ್ ಊರಿಗೆ ಬಂದ. ಎಡಗಾಲು ಎಳೆಯುತ್ತದೆ, ಅಷ್ಟರಲ್ಲೇ ಮುಗಿಯಿತು ಎಂದು ಎಲ್ಲರೂ ಅಂದರು.

ಮಡಂತ್ಯಾರಿನಲ್ಲಿ ಅಸ್ಕರನ ವಾಚು ರಿಪೇರಿ ಅಂಗಡಿ ರಸ್ತೆಗೇ ಮುಖ ಮಾಡಿ ಇದೆ, ಹಿಂದಿನ ಬಾಗಿಲು ತೆಗೆದರೆ ಮನೆ. ನಿಝಾರ್ ಹೋದಾಗ ಅಂಗಡಿಯಲ್ಲಿ ಮೂಡಬಿದಿರೆಯ ಶ್ರೇಯಾಂಸಕುಮಾರರು ಕೂತಿದ್ದರು. ಅಂಗಡಿಯ ಕೋಣೆ ಅವರದು, ಅವರು ನೋಡಿಕೊಳ್ಳುವ ಬಸದಿಯ ಗೋಡೆ ಗಡಿಯಾರ ರಿಪೇರಿಗೆ ಬಂದಿತ್ತು. ಅಸ್ಕರ್ ಮುಳ್ಳು ಕೂರಿಸಿ, ತನ್ನ ಕೈಗಡಿಯಾರ ನೋಡಿ, ರೇಡಿಯೋದ ಪಕ್ಕದ ಗಡಿಯಾರ ನೋಡಿ, ಅವರ ಗಡಿಯಾರದಲ್ಲಿ ಎಷ್ಟಾಯಿತು ಎಂದೂ ಕೇಳಿದ. ಅವರು ಹೇಳಿದರು. ಇನ್ನೊಮ್ಮೆ ನೋಡಿ ಎಂದ. ಶ್ರೇಯಾಂಸಕುಮಾರರು ನಕ್ಕು, ನಿಝಾರನ ಕಡೆ ತಿರುಗಿ, ಇವನಿಗೆ ಕೈ ಒಳ್ಳೆಯದುಂಟು, ಧೈರ್ಯ ಇಲ್ಲ, ಗುರುವಾಯನಕೆರೆಯಲ್ಲಿ ದೊಡ್ಡ ಅಂಗಡಿ ಹಾಕು, ಕೋಣೆ ನಾನು ಕೊಡುತ್ತೇನೆ ಎಂದರೆ ತನ್ನ ಅಂದಾಜು ಯಾವಾಗಲೂ ತಪ್ಪುತ್ತದೆ ಎನ್ನುತ್ತಾನೆ, ಸ್ಕೂಟರ್ ಕೂಡ ಮಾರಿದ, ನೀವಾದರೂ ಹೇಳಿ ಎಂದರು. ಹೇಳುವ ಎಂದ ನಿಝಾರ್. ಅವರು ಗಡಿಯಾರವನ್ನು ಹೆಗಲ ಮೇಲಿನ ಬೈರಾಸಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದರು.

ಹಿಂದಿನ ಬಾಗಿಲಲ್ಲಿ ಅಸ್ಕರನ ಉಮ್ಮ ಸೈನಬ ಆಗಲೇ ಬಂದು ನಿಂತಿದ್ದರು. ಪ್ರತಿ ರಜೆಯಲ್ಲೂ ಹೀಗೆಯೇ. ನಿಝಾರ್ ಬರುವ ದಿನ ಅವರು ತುಪ್ಪದನ್ನ ಮಾಡುತ್ತಾರೆ, ಕೋಳಿ ಮಾಡುತ್ತಾರೆ, ಶೋಕೇಸಿನ ಬೀಗ ತೆಗೆದು ಅಂಚಿಗೆ ಚಿನ್ನದ ಗೆರೆಯಿದ್ದ ಪಿಂಗಾಣಿ ತಟ್ಟೆಯನ್ನು ಹೊರಗೆ ತೆಗೆಯುತ್ತಾರೆ. ಅಂಥವು ಆರು ಉಂಟು, ಅಸ್ಕರ್ ಗಲ್ಫಿನಿಂದ ಮೊದಲ ಸಲ ಬಂದಾಗ ತಂದದ್ದು. ಆರರಲ್ಲಿ ಒಂದು ವರ್ಷಕ್ಕೊಮ್ಮೆ ನಿಝಾರನಿಗಾಗಿ ಹೊರಗೆ ಬರುತ್ತದೆ. ಉಳಿದ ಐದನ್ನು ಅಳಿಯನೂ ಮುಟ್ಟಿಲ್ಲ. ತಂದವನು ಅವನ ಪಕ್ಕದಲ್ಲಿ ಕೂತು ಸ್ಟೀಲಿನ ಬಟ್ಟಲಲ್ಲಿ ಉಣ್ಣುತ್ತಾನೆ. ಸೈನಬ ಬಡಿಸುತ್ತಲೇ ಇರುತ್ತಾರೆ, ಬೇಡ ಎಂದು ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ಹಾಕುತ್ತಾರೆ, ತಟ್ಟೆಯ ಅಡಿ ಕಾಣಲು ಬಿಟ್ಟದ್ದೇ ಇಲ್ಲ. ಇವತ್ತೂ ಅವರು ಅವನ ತಲೆ ಸವರಿ, ಬಡಕಲಾದೆ ಎಂದರು, ಆಮೇಲೆ ಪ್ರತಿ ವರ್ಷದ ಮಾತನ್ನೇ ಆಡಿದರು: “ಇವನ ಅವಸರ ನಿನಗೆ ಗೊತ್ತುಂಟಲ್ಲ ಮೋನೇ. ನೀನು ಇಲ್ಲದಿದ್ದರೆ ಇವನ ಮಯ್ಯತ್ತೇ ಮನೆಗೆ ಬರ್ತಿತ್ತು.” ಅಸ್ಕರ್ ಕಣ್ಣಿಗೆ ಸಿಕ್ಕಿಸಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ತಲೆ ಆಡಿಸಿದ. ನಾಲ್ಕು ವರ್ಷದಿಂದ ಅವನು ತಲೆ ಆಡಿಸುತ್ತಿದ್ದಾನೆ, ಮನೆಯಲ್ಲಿ ಹಾಲು ಉಕ್ಕಿದರೂ ಅವನ ಅವಸರ, ತಂಗಿಯ ಮಗು ಬಿದ್ದರೂ ಅವನ ಅವಸರ. ಹಾಗೆ ನೋಡಿದರೆ ಬೋಟಿನಲ್ಲಿ ಅವನಷ್ಟು ನಿಧಾನದವನು ಯಾರೂ ಇರಲಿಲ್ಲ. ಗಂಟು ಬಿಗಿಯಾಗುವ ತನಕ ಊಟಕ್ಕೂ ಬರುತ್ತಿರಲಿಲ್ಲ. ಅದು ಈಗ ನಿಝಾರನಿಗೆ ಮಾತ್ರ ನೆನಪಿದ್ದ ಸಂಗತಿ.

ಸೈನಬ ಒಳಗೆ ಹೋದರು. ತಾ ಎಂದು ಅಸ್ಕರ್ ಕೈ ಚಾಚಿದ. ನಿಝಾರ್ ಕಿಸೆಯಿಂದ ತೆಗೆದು ಕೊಟ್ಟ. ಒಂದು ಮೂಲೆಯಲ್ಲಿ ಎದ್ದಿದ್ದ ಪ್ಲಾಸ್ಟಿಕ್ ಹಾಳೆಯನ್ನು ನೋಡಿ ಅಸ್ಕರ್ ನಕ್ಕ, ಇನ್ನೂ ತೆಗೆದಿಲ್ಲವಾ ಮಾರಾಯ ಎಂದ. ಸ್ಕ್ರೂ ಬಿಚ್ಚಿ, ಹಿಂದಿನ ಮುಚ್ಚಳ ತೆಗೆದು, ಒಳಗೆ ಭೂತಗನ್ನಡಿಯಲ್ಲಿ ನೋಡಿದ. ನೀರು ಹೋದ ಗುರುತೇ ಇಲ್ಲವಲ್ಲ ಎಂದ. ಹೂಂ ಎಂದ ನಿಝಾರ್. ರಬ್ಬರ್ ಬಳೆ ಒರೆಸಿ, ಹೊಸ ಬ್ಯಾಟರಿ ಕೂರಿಸಿ, ಮುಚ್ಚಳ ಬಿಗಿದು ತಿರುಗಿಸಿದಾಗ ಮುಖದಲ್ಲಿ ಅಂಕೆಗಳೆಲ್ಲ ಒಮ್ಮೆಲೇ ಮೂಡಿ ಮಾಯವಾದವು. ಸಮಯ ಸೊನ್ನೆಯಿಂದ ಶುರುವಾಯಿತು. ನಿಝಾರನಿಗೆ ಅಬ್ಬ ಅನ್ನಿಸಿತು. ಎಲ್ಲ ಅಳಿಸಿ ಹೋಗಿರಬೇಕು, ಊಟ ಮಾಡಿ ಮೂರು ಗಂಟೆಯ ಬಸ್ಸಿಗೆ ಹೋಗಬಹುದು. ಅಸ್ಕರನ ಬೆರಳು ಮರೆತಿರಲಿಲ್ಲ. ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದ, ಹಳೆಯ ದಾಖಲೆ ತೆರೆದುಕೊಂಡಿತು. ಆ ದಿನದ ತಾರೀಕು, ಗಂಟೆ. ಅವನು ಸ್ವಲ್ಪ ಹೊತ್ತು ನೋಡಿ ನಿಲ್ಲಿಸಿಬಿಟ್ಟ. ಬೇಡ, ನನ್ನ ಮಂಗತನವನ್ನು ನಾನೇ ಯಾಕೆ ನೋಡುವುದು ಎಂದ. ಆದರೂ ಗುಂಡಿ ಒತ್ತಿದ. ಯಂತ್ರ ಆವತ್ತಿನ ಆಳವನ್ನು ಇಪ್ಪತ್ತು ಇಪ್ಪತ್ತು ಸೆಕೆಂಡಿಗೊಂದರಂತೆ ತೋರಿಸುತ್ತಾ ಹೋಯಿತು, ಅವನು ತುಟಿ ಅಲ್ಲಾಡಿಸುತ್ತಾ ಓದುತ್ತಾ ಹೋದ. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತೆರಡು. ಹೊರಗೆ ಬೆಳ್ತಂಗಡಿಯ ಬಸ್ಸು ಬಂದು ನಿಂತು ಹೋಯಿತು. ಹತ್ತೊಂಬತ್ತು. ಹದಿನಾರು. ಹದಿಮೂರು. ಹತ್ತು. ಏಳು. ಅಸ್ಕರನ ಬೆರಳು ನಿಧಾನವಾಯಿತು. ಐದು. ಐದು. ಐದು.

“ಐದು,” ಎಂದ ಅಸ್ಕರ್ ಗಟ್ಟಿಯಾಗಿ. “ನಿಝಾರ್, ನಾನು ನಿಂತಿದ್ದೇನೆ. ನೋಡಿಲ್ಲಿ. ಒಂಬತ್ತು ಸಲ ಐದು ಉಂಟು. ಮೂರು ನಿಮಿಷ ನಿಂತು ಬಂದಿದ್ದೇನೆ.”

ಅವನು ಪುನಃ ಮೊದಲಿನಿಂದ ಓದಿದ. ಅವಸರದಲ್ಲಿ ಮೇಲೆ ಬಂದರೆ ಒಂದು ಬಾಣದ ಗುರುತು ಬೀಳುತ್ತದೆ, ಅದು ಎಲ್ಲಿಯೂ ಇರಲಿಲ್ಲ. ಅವನ ಕಣ್ಣಿಂದ ಭೂತಗನ್ನಡಿ ಕಳಚಿ ಮೇಜಿನ ಮೇಲೆ ಬಿತ್ತು, ಕಣ್ಣು ಒದ್ದೆಯಾಗಿತ್ತು, ಅವನು ಅದನ್ನು ಮರೆಮಾಡಲೂ ಇಲ್ಲ. ನನಗೆ ನಿಂತ ಹಾಗೆ ನೆನಪಿತ್ತು, ಆದರೆ ಎಲ್ಲರೂ ಅವಸರ ಎಂದದ್ದಕ್ಕೆ ನನ್ನ ನೆನಪೇ ಸುಳ್ಳು ಎಂದುಕೊಂಡೆ, ಹಗ್ಗ ಹಿಡಿದುಕೊಂಡು ಮನಸ್ಸಿನಲ್ಲೇ ಯಾಸೀನ್ ಸೂರಾ ಓದುತ್ತಾ ನಿಂತದ್ದು ಕೂಡ ನೆನಪಿತ್ತು ಎಂದ. ಇಷ್ಟು ಸಂತೋಷವನ್ನು ನಿಝಾರ್ ಅವನ ಮುಖದಲ್ಲಿ ನಾಲ್ಕು ವರ್ಷದಿಂದ ಕಂಡಿರಲಿಲ್ಲ. ಇಲ್ಲಿಗೇ ನಿಂತರೆ ಸಾಕು, ಯಾ ಅಲ್ಲಾ, ಇಲ್ಲಿಗೇ ನಿಲ್ಲಲಿ ಎಂದುಕೊಂಡ. ಇವನಿಗೆ ಬೇಕಾದದ್ದು ಸಿಕ್ಕಿತು, ಗುರುವಾಯನಕೆರೆಯಲ್ಲಿ ಅಂಗಡಿ ಹಾಕುತ್ತಾನೆ, ಸ್ಕೂಟರ್ ಕೊಳ್ಳುತ್ತಾನೆ, ಇನ್ನು ಉಳಿದದ್ದು ಯಾರಿಗೆ ಬೇಕು. ಅಸ್ಕರ್ ಮೂಗು ಒರೆಸಿಕೊಂಡು, ಕೆಟ್ಟುಹೋದ ವಾಚನ್ನು ನೋಡುವ ಹಾಗೆ ಯಂತ್ರವನ್ನು ತಿರುಗಿಸಿ ನೋಡಿ, ಹಾಗಾದರೆ ಯಾಕಾಯಿತು ಎಂದ. ಎಲ್ಲ ಸರಿಯಾಗಿಯೇ ಮಾಡಿದ್ದೇನೆ, ಅದು ಹೇಳಿದ ಹಾಗೆಯೇ ಬಂದಿದ್ದೇನೆ. ಅವನು ನಿಝಾರನನ್ನೇ ಕೇಳುತ್ತಿದ್ದ, ಸಂಶಯದಿಂದಲ್ಲ. ಈ ವಿಷಯ ತನಗಿಂತ ಚೆನ್ನಾಗಿ ತಿಳಿದವನು ಎಂದು ಕೇಳುತ್ತಿದ್ದ. ಅಲ್ಲಾಹನ ವಿಧಿ ಎನ್ನಬಹುದಿತ್ತು. ಕೆಲವರ ಮೈಗೆ ಹಾಗೆ ಎನ್ನಬಹುದಿತ್ತು, ಡಾಕ್ಟರುಗಳೂ ಹಾಗೆ ಹೇಳುತ್ತಾರೆ.

ನಿಝಾರ್ ಬೆರಳು ಚಾಚಿ, ಗಾಜಿನ ಮೂಲೆಯಲ್ಲಿ ಸಣ್ಣದಾಗಿ ಮೂಡಿದ್ದ ಒಂದು ಎನ್ನುವ ಅಂಕೆಯನ್ನು ತೋರಿಸಿದ. ಆ ದಿನ ಯಂತ್ರ ಎಷ್ಟನೆಯ ಸಲ ಇಳಿದದ್ದು ಎನ್ನುವ ಅಂಕೆ ಅದು. “ಎರಡು ಇರಬೇಕಿತ್ತು,” ಎಂದ. “ಬೆಳಿಗ್ಗೆ ಅದು ನನ್ನ ಕಿಸೆಯಲ್ಲಿ ಇರಲಿಲ್ಲ. ಚೀಲದಲ್ಲಿತ್ತು.”

ಅಸ್ಕರ್ ಅಂಕೆಯನ್ನು ನೋಡಿದ. ಕೆಲಸ ಕಲಿತವನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಹದಿನೆಂಟು ನಿಮಿಷ ಎಲ್ಲಿಂದ ಬಂತು ಎನ್ನುವುದು ಅವನ ಮುಖದಲ್ಲಿ ಒಂದೊಂದಾಗಿ ಮೂಡುವುದು ನಿಝಾರನಿಗೆ ಕಂಡಿತು. ನಾನು ಕೇಳಿದ್ದೆ ಎಂದ ಅಸ್ಕರ್. ಹೌದು ಎಂದ ನಿಝಾರ್, ಈ ಸಲ ಹೂಂ ಎನ್ನಲಿಲ್ಲ. ಹಸನಬ್ಬ ನಗುತ್ತಾರೆ ಎಂದು ಹಾಗೆ ಹೇಳಿದೆ ಎಂದ. ಹೇಳಿದ ಮೇಲೆ ಅದು ಎಷ್ಟು ಸಣ್ಣ ಕಾರಣ ಎಂದು ಅವನಿಗೇ ಹೇಸಿಗೆಯಾಯಿತು. ಅಡಿಯಲ್ಲಿ ಎರಡು ಕೈ ಒಟ್ಟಿಗೆ ಹಿಡಿದಾಗ ನಿನಗೆ ಗೊತ್ತಿತ್ತಾ ಎಂದು ಅಸ್ಕರ್ ಕೇಳಿದ. ಗೊತ್ತಿತ್ತು ಎಂದ. ಅಸ್ಕರ್ ಮೇಜಿನ ಮೇಲಿನ ಸ್ಕ್ರೂಡ್ರೈವರುಗಳನ್ನು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ಇಟ್ಟ. ಒಳಗಿನಿಂದ ಸೈನಬ ಊಟಕ್ಕೆ ಕರೆದರು.

“ಉಮ್ಮನಿಗೆ ನೀನೇ ಹೇಳು,” ಎಂದ ಅಸ್ಕರ್. “ನಾನು ಹೇಳಿದರೆ ಅವರು ನಂಬ್ಲಿಕ್ಕಿಲ್ಲ.”

ಒಳಗೆ ಚಾಪೆ ಹಾಸಿತ್ತು. ಚಿನ್ನದ ಗೆರೆಯ ತಟ್ಟೆಯಲ್ಲಿ ತುಪ್ಪದನ್ನದ ಗುಡ್ಡೆ, ಪಕ್ಕದಲ್ಲಿ ಅಸ್ಕರನ ಸ್ಟೀಲಿನ ಬಟ್ಟಲು. ಸೈನಬ ಕೋಳಿಯ ಪಾತ್ರೆ ಹಿಡಿದು ಬಗ್ಗಿದ್ದರು. ನಿಝಾರ್ ಕೂತುಕೊಳ್ಳದೆ, ನಿಂತೇ ಹೇಳಿದ. ಯಂತ್ರದ ವಿಷಯ ಅವರಿಗೆ ಅರ್ಥವಾಗುವ ಹಾಗೆ ಹೇಳಲಿಕ್ಕೆ ತಡವರಿಸಿದ. ಕೊನೆಗೆ, ಅಸ್ಕರ್ ಅವಸರ ಮಾಡಲಿಲ್ಲ, ಸುಳ್ಳು ಹೇಳಿ, ಬೆಳಿಗ್ಗೆಯ ಲೆಕ್ಕ ಗೊತ್ತಿಲ್ಲದ ಯಂತ್ರ ಕೊಟ್ಟವನು ನಾನು, ಆಮೇಲೆ ಅವಸರ ಎಂದು ಬರೆಸಿದವನೂ ನಾನೇ ಎಂದ. ಸೈನಬ ಮಗನ ಮುಖ ನೋಡಿದರು. ಅಸ್ಕರ್, ನಾನು ನಿಂತಿದ್ದೆ ಉಮ್ಮ, ಮೂರು ನಿಮಿಷ, ಎಂದ. ಅವರು ಸೌಟಿನಲ್ಲಿದ್ದ ಕೋಳಿಯ ತುಂಡನ್ನು, ಬಗ್ಗಿದ್ದವರು ಬಗ್ಗಿದ ಹಾಗೆಯೇ, ನಿಝಾರನ ತಟ್ಟೆಗೆ ಹಾಕಿದರು. ಬಡಿಸಿದ್ದನ್ನು ಉಣ್ಣು ಎಂದರು. ಅವನು ಕೂತ.

ಆಮೇಲೆ ಅವರು ಸೊಂಟದ ಬೀಗದಕೈ ತೆಗೆದು ಶೋಕೇಸಿನ ಹತ್ತಿರ ಹೋದರು. ಒಂದು ತಟ್ಟೆ ತೆಗೆದು, ತಲೆವಸ್ತ್ರದ ತುದಿಯಿಂದ ಧೂಳು ಒರೆಸಿ, ಅಡುಗೆಮನೆಯಲ್ಲಿ ತೊಳೆದು ತಂದು, ಮಗನ ಮುಂದಿದ್ದ ಸ್ಟೀಲಿನ ಬಟ್ಟಲನ್ನು ಆಚೆ ಸರಿಸಿ ಅಲ್ಲಿಟ್ಟರು. ಅನ್ನ ಬಡಿಸಿದರು. ಕೋಳಿಯ ಕಾಲು ಹುಡುಕಿ ಹಾಕಿದರು. ಅಸ್ಕರ್ ಸಾಕು ಉಮ್ಮ ಎಂದು ಕೈ ಅಡ್ಡ ಹಿಡಿದಾಗ ಕೈಯ ಮೇಲೆಯೇ ಹಾಕಿದರು, ನಿಧಾನಕ್ಕೆ ತಿನ್ನು, ನೀನು ಯಾವಾಗಲೂ ನಿಧಾನವೇ ಎಂದರು. ಮಗನಿಗೇ ಮತ್ತೆ ಬಡಿಸಿದರು. ನಿಝಾರ್ ತಲೆ ಬಗ್ಗಿಸಿ ಉಣ್ಣುತ್ತಿದ್ದ. ಅವನ ತಟ್ಟೆಯ ಅಡಿಯಲ್ಲಿ ಒಂದು ನೀಲಿ ಹೂವಿನ ಚಿತ್ರವಿತ್ತು, ನಾಲ್ಕು ವರ್ಷದಲ್ಲಿ ಅದನ್ನು ಅವನು ಕಂಡಿರಲಿಲ್ಲ. ಇವತ್ತು ಪೂರ್ತಿ ಕಂಡಿತು.